ಚರ್ಮಕ್ಕೆ ರೋಗನಿರೋಧಕ ಕೋಶಗಳ ವಲಸೆ

ರಕ್ತದಲ್ಲಿ ಸುತ್ತುತ್ತಿರುವ ಬಿಳಿ ಕಣಗಳ ಪೈಕಿ ಕೆಲವು ಬಗೆಯವು ಚರ್ಮದ ರಕ್ತನಾಳಗಳನ್ನು ಗುರುತು ಹಿಡಿದು, ಅವುಗಳ ಗೋಡೆ ದಾಟಿ ಚರ್ಮದೊಳಕ್ಕೆ ಬರುತ್ತವೆ. ಬಂದವುಗಳಲ್ಲಿ ಒಂದಷ್ಟು ದುಗ್ಧನಾಳದ ಮೂಲಕ ಮರಳುತ್ತವೆ, ಮತ್ತೊಂದಷ್ಟು ಅಲ್ಲೇ ನೆಲೆಸುತ್ತವೆ. ಈ ಇಡೀ ಸಂಚಾರಕ್ಕೆ ಚರ್ಮವಲಸೆ ಎನ್ನಬಹುದು. ಸೋಂಕನ್ನು ತಡೆಯುವುದು, ಚರ್ಮಕ್ಕೆ ಹಾಕಿದ ಲಸಿಕೆ ಫಲಿಸುವುದು ಇದರಿಂದ. ಸೋರಿಯಾಸಿಸ್, ತೊನ್ನು, ಇಸುಬು, ಅಲರ್ಜಿಯ ದದ್ದುಗಳೂ ಇದರಿಂದಲೇ.

ವಯಸ್ಕರ ಚರ್ಮದ ವಿಸ್ತಾರ ಸುಮಾರು 1.8 ಚದರ ಮೀಟರ್. ಅದರ ಪ್ರತಿ ಚದರ ಸೆಂಟಿಮೀಟರಿನಲ್ಲಿ ಟಿ ಕೋಶ ಎಂಬ ಬಗೆಯ ಬಿಳಿ ಕಣಗಳು ಸುಮಾರು 10 ಲಕ್ಷ ಇದ್ದು, ಒಟ್ಟು ಸಂಖ್ಯೆ 2,000 ಕೋಟಿಯ ಹತ್ತಿರ ಬರುತ್ತದೆ. ಇಡೀ ದೇಹದ ರಕ್ತದಲ್ಲಿರುವ ಟಿ ಕೋಶಗಳ ಸರಿಸುಮಾರು ಎರಡು ಪಟ್ಟು ಇದು. ರೇಚಲ್ ಕ್ಲಾರ್ಕ್, ಥಾಮಸ್ ಕಪ್ಪರ್ ಮತ್ತು ಸಂಗಡಿಗರು ಬಾಸ್ಟನ್ನಿನಲ್ಲಿ ಮಾಡಿದ ಈ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಆರೋಗ್ಯವಂತರ ಚರ್ಮದಲ್ಲಿ ಟಿ ಕೋಶಗಳು ವಿರಳವೆಂದೂ ರೋಗ ಬಂದಾಗ ಮಾತ್ರ ರಕ್ತದಿಂದ ಧಾವಿಸುತ್ತವೆಂದೂ ಅದುವರೆಗೆ ನಂಬಿದ್ದರು. ರಕ್ತ ಸುಲಭವಾಗಿ ಸಿಗುತ್ತದೆ, ಚರ್ಮದ ತುಣುಕು ಸಿಗುವುದಿಲ್ಲ. ಆ ನಂಬಿಕೆ ಅಷ್ಟು ಕಾಲ ಉಳಿದದ್ದಕ್ಕೆ ಮುಖ್ಯ ಕಾರಣ ಇದೇ ಇರಬೇಕು.

ಎರಡು ದಿನದ ಕಾಯುವಿಕೆ

ಈ ವಲಸೆಯನ್ನು ಬರಿಗಣ್ಣಿನಿಂದ ನೋಡಲು ಸಾಧ್ಯವಿರುವ ಒಂದು ಸಂದರ್ಭ ನಮ್ಮ ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತದೆ. ಕ್ಷಯದ ಸೋಂಕು ಆಗಿದೆಯೇ ಎಂದು ತಿಳಿಯಲು ಮುಂಗೈಯ ಚರ್ಮದೊಳಗೆ ಟ್ಯೂಬರ್‌ಕುಲಿನ್ ಚುಚ್ಚುವ ಮ್ಯಾಂಟೂ ಪರೀಕ್ಷೆ ಅದು. 1890ರಲ್ಲಿ ರಾಬರ್ಟ್ ಕಾಖ್ ಕ್ಷಯಕ್ಕೆ ಮದ್ದೆಂದು ಹೊರತಂದ ಟ್ಯೂಬರ್‌ಕುಲಿನ್ ಮದ್ದಾಗಿ ಸೋತು, ಪಿರ್ಕೆ ಮತ್ತು ಮ್ಯಾಂಟೂ ಅವರ ಕೈಯಲ್ಲಿ ಪರೀಕ್ಷಾ ಸಾಧನವಾಗಿ ಬದುಕಿತು. ಚುಚ್ಚಿಸಿಕೊಂಡವರಿಗೆ 48ರಿಂದ 72 ಗಂಟೆಯ ನಡುವೆ ಮತ್ತೆ ಬಂದು ತೋರಿಸಲು ಹೇಳುತ್ತಾರೆ. ಅಳೆಯುವುದು ಕೆಂಪನ್ನಲ್ಲ, ಕೈಗೆ ಗಟ್ಟಿಯಾಗಿ ಸಿಗುವ ಊತವನ್ನು. ಆ ಗಟ್ಟಿತನಕ್ಕೆ ಕಾರಣ ರಕ್ತನಾಳದಿಂದ ಹೊರಬಂದು ಒಳಚರ್ಮದಲ್ಲಿ ಕಿಕ್ಕಿರಿದ ಕೋಶಗಳು ಮತ್ತು ಅವುಗಳ ಸುತ್ತ ಶೇಖರವಾದ ಫೈಬ್ರಿನ್. ಎರಡು ದಿನ ಕಾಯಬೇಕಾಗಿರುವುದು ಏಕೆಂದರೆ, ಮೊದಲು ಅಲ್ಲಿರುವ ಬೆರಳೆಣಿಕೆಯ ಕೋಶಗಳು ಟ್ಯೂಬರ್‌ಕುಲಿನ್ನನ್ನು ಗುರುತಿಸಬೇಕು, ಸುತ್ತಲ ರಕ್ತನಾಳಗಳಿಗೆ ಸುದ್ದಿ ಮುಟ್ಟಬೇಕು, ನಾಳದ ಗೋಡೆ ಹೊಸ ಪ್ರೋಟೀನುಗಳನ್ನು ತಯಾರಿಸಿ ಮೇಲ್ಮೈಗೆ ತರಬೇಕು, ಆಮೇಲಷ್ಟೇ ಕೋಶಗಳು ಗುಂಪಾಗಿ ಇಳಿಯಬೇಕು.

ಹೀಗೆ ಇಳಿದವುಗಳಲ್ಲಿ ಬಹುಪಾಲಿಗೆ ಕ್ಷಯದ ಪರಿಚಯವೇ ಇರುವುದಿಲ್ಲ. ನೀನು ಯಾವ ರೋಗಾಣುವನ್ನು ಬಲ್ಲೆ ಎಂದು ರಕ್ತನಾಳದ ಗೋಡೆ ಕೇಳುವುದಿಲ್ಲ. ನೀನು ಚರ್ಮಕ್ಕೆ ಬರಬೇಕಾದವನೇ ಎಂದಷ್ಟೇ ಕೇಳುತ್ತದೆ. ಚರ್ಮವಲಸೆಯನ್ನು ಅರಿಯಲು ಈ ಭೇದವನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ರೋಗಾಣುವನ್ನು ಗುರುತಿಸುವ ಶಕ್ತಿ ಒಂದು, ಊರು ಸೇರುವ ಶಕ್ತಿ ಇನ್ನೊಂದು. ಎರಡನ್ನೂ ಕೋಶವು ಬೇರೆ ಬೇರೆಯಾಗಿ ಪಡೆಯುತ್ತದೆ.

ಅರಿವು ಬೆಳೆದ ಬಗೆ

ಕೀವಿನಲ್ಲಿ ಕಾಣುವ ಕಣಗಳು ರಕ್ತನಾಳದಿಂದಲೇ ಹೊರಬಂದವು ಎಂಬುದನ್ನು ಜೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಅಂಗಾಂಶಗಳಲ್ಲಿ ಕಂಡು ಸ್ಥಾಪಿಸಿದ. ಮರುವರ್ಷ ಬರ್ಲಿನ್ನಿನಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದ ಪಾಲ್ ಲಾಂಗರ್‌ಹಾನ್ಸ್, ಚರ್ಮದ ತೆಳುಪದರಕ್ಕೆ ಚಿನ್ನದ ಕ್ಲೋರೈಡ್ ಬಣ್ಣ ಹಿಡಿಸಿ, ಕವಲೊಡೆದ ಕೋಶಗಳ ಜಾಲವೊಂದನ್ನು ಹೊರಚರ್ಮದಲ್ಲಿ ಕಂಡ. ಅವು ನರಕೋಶಗಳೆಂದು ಆತ ತಿಳಿದ. ಕವಲುಗಳನ್ನು ನೋಡಿದ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಅವು ರೋಗನಿರೋಧಕ ವ್ಯವಸ್ಥೆಗೆ ಸೇರಿದವೆಂಬ ಸುಳಿವು ಸಿಗಲು 1970ರ ದಶಕ ಬರಬೇಕಾಯಿತು. ಸಂಪರ್ಕ ಅಲರ್ಜಿಯ ಚರ್ಮದಲ್ಲಿ ಲಿಂಫೋಸೈಟುಗಳು (ಟಿ ಕೋಶಗಳು ಸೇರಿರುವ ಬಿಳಿ ಕಣಗಳ ಬಗೆ) ಈ ಕೋಶಗಳಿಗೆ ಅಂಟಿಕೊಂಡಿರುವುದನ್ನು ಇಂಗಾ ಸಿಲ್ಬರ್‌ಬರ್ಗ್ 1973ರಲ್ಲಿ ವರದಿ ಮಾಡಿದರು.

ನಡುವೆ ಎರಡು ಮಹತ್ವದ ಹೆಜ್ಜೆಗಳಿವೆ. 1942ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಮತ್ತು ಮೆರಿಲ್ ಚೇಸ್, ಚರ್ಮದ ಸಂಪರ್ಕ ಅಲರ್ಜಿಯನ್ನು ಒಂದು ಗಿನಿಯಿಲಿಯಿಂದ ಇನ್ನೊಂದಕ್ಕೆ ದಾಟಿಸುವುದು ರಕ್ತದ್ರವವಲ್ಲ, ಕೋಶಗಳು ಎಂದು ತೋರಿಸಿದರು. 1950ರ ದಶಕದ ಕೊನೆಗೆ ಆಕ್ಸ್‌ಫರ್ಡಿನಲ್ಲಿ ಜೇಮ್ಸ್ ಗೋವನ್ಸ್, ಇಲಿಯ ಎದೆಯ ದುಗ್ಧನಾಳದಿಂದ ಲಿಂಫೋಸೈಟುಗಳನ್ನು ಸತತವಾಗಿ ಹೊರತೆಗೆದರೆ ಅವುಗಳ ಪ್ರಮಾಣ ಕುಸಿಯುವುದನ್ನೂ, ತೆಗೆದವನ್ನು ರಕ್ತಕ್ಕೆ ಮರಳಿಸಿದರೆ ಪ್ರಮಾಣ ಮತ್ತೆ ಏರುವುದನ್ನೂ ಕಂಡರು. ಅಂದರೆ ಈ ಕೋಶಗಳು ರಕ್ತದಿಂದ ದುಗ್ಧಗ್ರಂಥಿಗೆ, ಅಲ್ಲಿಂದ ದುಗ್ಧನಾಳಕ್ಕೆ, ಮತ್ತೆ ರಕ್ತಕ್ಕೆ ನಿರಂತರ ಪ್ರದಕ್ಷಿಣೆ ಹಾಕುತ್ತಿರುತ್ತವೆ. ಪ್ರದಕ್ಷಿಣೆ ಇದೆಯೆಂದ ಮೇಲೆ ಎಲ್ಲಿ ಇಳಿಯಬೇಕೆಂದು ಅವಕ್ಕೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ತಾನಾಗಿ ಹುಟ್ಟಿತು. ಕೆಲವು ಟಿ ಕೋಶಗಳ ಮೇಲಿರುವ ಸಿಎಲ್‌ಎ ಎಂಬ ಗುರುತು, ಉರಿಯೂತವಾದ ಚರ್ಮದ ರಕ್ತನಾಳಗಳ ಮೇಲಿನ ಇ-ಸೆಲೆಕ್ಟಿನ್ ಎಂಬ ಪ್ರೋಟೀನಿಗೆ ಕೂಡಿಕೊಳ್ಳುತ್ತದೆಂದು ಲೂಯಿಸ್ ಪಿಕರ್, ಯೂಜೀನ್ ಬುಚರ್ ಮತ್ತಿತರರು 1991ರಲ್ಲಿ ತೋರಿಸಿದಾಗ ಚರ್ಮದ ಮಟ್ಟಿಗೆ ಮೊದಲ ಉತ್ತರ ದೊರೆಯಿತು.

ರಕ್ತನಾಳದಿಂದ ಹೊರಕ್ಕೆ

ಇಳಿಯುವ ಜಾಗ ಒಳಚರ್ಮದ ಮೇಲುಭಾಗದ ಕಿರುಸಿರೆಗಳು. ಲೋಮನಾಳಗಳು ಕೂಡಿ ಸಿರೆಯಾಗುವ ಈ ಸ್ಥಳದಲ್ಲಿ ರಕ್ತದ ರಭಸ ಕಡಿಮೆ. ಆದರೂ ಕೋಶವೊಂದಕ್ಕೆ ಅದು ತುಂಬಿದ ಹೊಳೆಯೇ. ಹೊಳೆಯಲ್ಲಿ ಕೊಚ್ಚಿಹೋಗುವವನು ದಡದ ಬೇರುಗಳಿಗೆ ಕೈಹಾಕುತ್ತ, ಒಂದು ಜಾರಿದರೆ ಇನ್ನೊಂದನ್ನು ಹಿಡಿಯುತ್ತ, ಕೊನೆಗೆ ಗಟ್ಟಿಯಾದದ್ದೊಂದು ಸಿಕ್ಕಾಗ ನಿಲ್ಲುವಂತೆ ಕೋಶವೂ ಹಂತ ಹಂತವಾಗಿ ನಿಲ್ಲುತ್ತದೆ.

ಮೊದಲ ಹಿಡಿತ ಸೆಲೆಕ್ಟಿನ್‌ಗಳದ್ದು. ಚರ್ಮದ ಕಿರುಸಿರೆಗಳು ಆರೋಗ್ಯದಲ್ಲೂ ಇ-ಸೆಲೆಕ್ಟಿನ್ನನ್ನು ಅಲ್ಪ ಪ್ರಮಾಣದಲ್ಲಿ ಹೊರಚಾಚಿರುತ್ತವೆ. ಬೇರೆ ಬಹುತೇಕ ಅಂಗಗಳಲ್ಲಿ ಅದು ಉರಿಯೂತವಾದಾಗ ಮಾತ್ರ ಕಾಣುತ್ತದೆ. ಇದಕ್ಕೆ ಕೂಡಿಕೊಳ್ಳುವ ಸಿಎಲ್‌ಎ ಒಂದು ಸ್ವತಂತ್ರ ಪ್ರೋಟೀನ್ ಅಲ್ಲ. ಎಲ್ಲ ಟಿ ಕೋಶಗಳಲ್ಲೂ ಇರುವ ಪಿಎಸ್‌ಜಿಎಲ್-1 ಎಂಬ ಪ್ರೋಟೀನಿನ ಮೇಲೆ ಫ್ಯೂಕೋಸ್ ಒಳಗೊಂಡ ಸಕ್ಕರೆಯ ಕುಚ್ಚನ್ನು ಕಟ್ಟಿದರೆ ಅದೇ ಸಿಎಲ್‌ಎ ಆಗುತ್ತದೆ. ಕಟ್ಟುವ ಕೆಲಸ ಮುಖ್ಯವಾಗಿ ಫ್ಯೂಕೋಸಿಲ್ ಟ್ರಾನ್ಸ್‌ಫರೇಸ್-7 ಎಂಬ ಕಿಣ್ವದ್ದು. ಕಪ್ಪರ್ ಅವರ ಪ್ರಯೋಗಾಲಯ 1997ರಲ್ಲಿ ಇದನ್ನು ಬಿಡಿಸಿ ಹೇಳಿತು. ಒಂದು ಕೋಶ ಚರ್ಮದ್ದೋ ಅಲ್ಲವೋ ಎಂಬುದು ಪ್ರೋಟೀನಿಗೆ ಅಂಟಿದ ಸಕ್ಕರೆಯ ಮೇಲೆ ನಿಂತಿರುವುದು ಇಡೀ ವಿಷಯದ ಅತ್ಯಂತ ಸೊಗಸಾದ ಸಂಗತಿ ಎಂದರೆ ತಪ್ಪಾಗದು. ಸೆಲೆಕ್ಟಿನ್ ಹಿಡಿತ ಸಡಿಲವಾದದ್ದು. ಸೆಕೆಂಡಿಗೆ ನೂರಾರು ಮೈಕ್ರೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಕೋಶ ಅದರಿಂದ ಹತ್ತಾರು ಮೈಕ್ರೋಮೀಟರಿಗೆ ಇಳಿದು ಗೋಡೆಗುಂಟ ಉರುಳತೊಡಗುತ್ತದೆ.

ಉರುಳುವ ಕೋಶಕ್ಕೆ ನಾಳದ ಗೋಡೆಯ ಮೇಲೆ ಕೀಮೋಕೈನ್ ಎಂಬ ಸಣ್ಣ ಪ್ರೋಟೀನುಗಳು ಎದುರಾಗುತ್ತವೆ. ಚರ್ಮಕ್ಕೆ ಸಂಬಂಧಿಸಿದಂತೆ ಎರಡು ಜೋಡಿ ಮುಖ್ಯ. ನಾಳದ ಗೋಡೆಯಲ್ಲಿರುವ ಸಿಸಿಎಲ್17ನ್ನು ಕೋಶದ ಸಿಸಿಆರ್4 ಗ್ರಾಹಕ ಗುರುತಿಸುತ್ತದೆ. ಹೊರಚರ್ಮದ ಕೆರಟಿನೋಸೈಟುಗಳು ತಯಾರಿಸುವ ಸಿಸಿಎಲ್27ನ್ನು ಸಿಸಿಆರ್10 ಗುರುತಿಸುತ್ತದೆ. ಎರಡೂ 1999ರ ಸುಮಾರಿಗೆ ಬೆಳಕಿಗೆ ಬಂದವು. ಇವುಗಳಲ್ಲಿ ಯಾವುದೂ ಚರ್ಮದ ಏಕಸ್ವಾಮ್ಯವಲ್ಲ. ಸಿಸಿಆರ್10 ಕರುಳಿನ ಲೋಳೆಪೊರೆಗೆ ಹೋಗುವ ಪ್ರತಿಕಾಯ ತಯಾರಕ ಕೋಶಗಳಲ್ಲೂ ಇದೆ, ಸಿಸಿಆರ್4 ದೇಹದ ಬೇರೆಡೆ ಓಡಾಡುವ ನಿಯಂತ್ರಕ ಟಿ ಕೋಶಗಳಲ್ಲೂ ಇದೆ. ಹೀಗಾಗಿ ಚರ್ಮದ ವಿಳಾಸವೆಂದರೆ ಸಿಎಲ್‌ಎ ಜೊತೆಗೆ ಈ ಗ್ರಾಹಕಗಳ ಕೂಟ, ಒಂಟಿ ಅಣುವಲ್ಲ. ಯಾವುದೋ ಒಂದೇ ಗ್ರಾಹಕವನ್ನು ತಡೆದು ಚರ್ಮರೋಗ ನಿಲ್ಲಿಸಲು ಹೊರಟ ಹಲವು ಪ್ರಯತ್ನಗಳು ನಿರಾಸೆ ತಂದದ್ದರಲ್ಲಿ ಆಶ್ಚರ್ಯವಿಲ್ಲ.

ಕೀಮೋಕೈನ್ ತಗಲಿದ ಕ್ಷಣ ಕೋಶದ ಮೇಲಿನ ಇಂಟೆಗ್ರಿನ್‌ಗಳು ಆಕಾರ ಬದಲಿಸಿ ಗಟ್ಟಿಯಾಗಿ ಹಿಡಿಯುತ್ತವೆ. ಎಲ್‌ಎಫ್‌ಎ-1 ನಾಳದ ಐಕ್ಯಾಮ್-1ಕ್ಕೆ, ವಿಎಲ್‌ಎ-4 ವಿಕ್ಯಾಮ್-1ಕ್ಕೆ ಕೂಡುತ್ತದೆ. ಕೋಶ ನಿಂತು, ಚಪ್ಪಟೆಯಾಗಿ, ಗೋಡೆಯ ಸಂದಿನಲ್ಲಿ ನುಸುಳಿ ಹೊರಬರುತ್ತದೆ.

ಈ ಹಂತಗಳು ಪ್ರಯೋಗಾಲಯದ ಕಲ್ಪನೆಯಲ್ಲ ಎಂಬುದಕ್ಕೆ ಹುಟ್ಟು ರೋಗಗಳು ಸಾಕ್ಷಿ. ಇಂಟೆಗ್ರಿನ್ನಿನ ಒಂದು ಭಾಗವಾದ ಸಿಡಿ18 ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಹೊಕ್ಕುಳಬಳ್ಳಿ ಬೀಳುವುದು ತಡವಾಗುತ್ತದೆ, ಚರ್ಮಕ್ಕೆ ಪದೇ ಪದೇ ಸೋಂಕಾಗುತ್ತದೆ, ಆದರೆ ಕೀವು ಕಟ್ಟುವುದಿಲ್ಲ. ರಕ್ತ ಪರೀಕ್ಷಿಸಿದರೆ ಬಿಳಿ ಕಣಗಳು ವಿಪರೀತ ಹೆಚ್ಚಿರುತ್ತವೆ; ಹೊರಬರಲಾರದೆ ಅಲ್ಲೇ ಉಳಿದಿರುತ್ತವೆ. ಇನ್ನೊಂದು ಬಗೆಯ ಕೊರತೆಯಲ್ಲಿ ಫ್ಯೂಕೋಸ್ ಸಕ್ಕರೆಯನ್ನು ಕೋಶದೊಳಗೆ ಸಾಗಿಸುವ ಪ್ರೋಟೀನೇ ಕೆಟ್ಟಿರುತ್ತದೆ. 1992ರಲ್ಲಿ ವರದಿಯಾದ ಆ ಮಕ್ಕಳ ರಕ್ತದ ಗುಂಪು ‘ಬಾಂಬೆ’ ಆಗಿತ್ತು. ಬಾಂಬೆ ಗುಂಪನ್ನು 1952ರಲ್ಲಿ ಮುಂಬಯಿಯಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ್ದರು. ಅದರಲ್ಲಿ ಕೆಂಪು ಕಣಗಳ ಮೇಲೆ ಫ್ಯೂಕೋಸ್ ಸೇರಿದ ಎಚ್ ಪ್ರತಿಜನಕ ಇರುವುದಿಲ್ಲ. ಹಾಗೆಂದು ಆ ಗುಂಪಿನ ರಕ್ತದವರು ಗಾಬರಿಯಾಗಬೇಕಿಲ್ಲ. ಅವರಲ್ಲಿ ಕೆಟ್ಟಿರುವುದು ಬೇರೆ ಕಿಣ್ವ, ಬಿಳಿ ಕಣಗಳಿಗೆ ಸಕ್ಕರೆ ಕಟ್ಟುವ ಕಿಣ್ವ ಸರಿಯಾಗಿಯೇ ಇರುತ್ತದೆ. ರಕ್ತ ಪಡೆಯುವಾಗ ಮಾತ್ರ ಅವರಿಗೆ ತಮ್ಮದೇ ಗುಂಪಿನ ರಕ್ತ ಬೇಕು.

ವಿಳಾಸ ಬರೆಯುವವರು

ಎಳೆಯ ಟಿ ಕೋಶಕ್ಕೆ ಚರ್ಮದ ದಾರಿ ಗೊತ್ತಿರುವುದಿಲ್ಲ. ಅದು ದುಗ್ಧಗ್ರಂಥಿಗಳಲ್ಲಷ್ಟೇ ಸುತ್ತುತ್ತದೆ. ಚರ್ಮದಿಂದ ಹೊರಟ ಡೆಂಡ್ರೈಟಿಕ್ ಎಂಬ ಕಾವಲು ಕೋಶ, ಸಿಸಿಆರ್7 ಗ್ರಾಹಕದ ನೆರವಿನಿಂದ ದುಗ್ಧನಾಳ ಹಿಡಿದು ಹತ್ತಿರದ ಗ್ರಂಥಿಗೆ ಬಂದು ತಾನು ತಂದ ಪ್ರತಿಜನಕವನ್ನು ತೋರಿಸಿದಾಗ, ಟಿ ಕೋಶ ಎಚ್ಚರಗೊಳ್ಳುವುದರ ಜೊತೆಗೆ ಹೋಗಬೇಕಾದ ಊರಿನ ಗುರುತನ್ನೂ ಪಡೆಯುತ್ತದೆ. ಕಂಕುಳು ಅಥವಾ ತೊಡೆಸಂದಿನ ಗ್ರಂಥಿಯಲ್ಲಿ ಎಚ್ಚರಗೊಂಡದ್ದು ಸಿಎಲ್‌ಎ ಧರಿಸುತ್ತದೆ. ಕರುಳಿನ ಗ್ರಂಥಿಯಲ್ಲಿ ಎಚ್ಚರಗೊಂಡದ್ದು ಕರುಳಿನ ಗುರುತಾದ ಆಲ್ಫಾ4-ಬೀಟಾ7 ಇಂಟೆಗ್ರಿನ್ ಧರಿಸುತ್ತದೆ.

ಕರುಳಿನ ಗುರುತನ್ನು ಬರೆಸುವುದು ಎ ಜೀವಸತ್ವದಿಂದ ಆಗುವ ರೆಟಿನೋಯಿಕ್ ಆಮ್ಲ ಎಂದು 2004ರಲ್ಲಿ ತಿಳಿಯಿತು. ಚರ್ಮದ ಪಾಲಿಗೆ ಬಂದದ್ದು ಡಿ ಜೀವಸತ್ವ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿ3ಯನ್ನು ಡೆಂಡ್ರೈಟಿಕ್ ಕೋಶಗಳು ಕ್ರಿಯಾಶೀಲ ರೂಪಕ್ಕೆ ತಿರುಗಿಸಿ, ಅದರ ಮೂಲಕ ಮನುಷ್ಯರ ಟಿ ಕೋಶಗಳಲ್ಲಿ ಸಿಸಿಆರ್10 ಮೂಡಿಸಬಲ್ಲವೆಂದು ಬುಚರ್ ಅವರ ತಂಡ 2007ರಲ್ಲಿ ತೋರಿಸಿತು. ಬಿಸಿಲು ಬೀಳುವ ಅಂಗಕ್ಕೆ ಬಿಸಿಲಿನಿಂದಲೇ ವಿಳಾಸ! ಕೇಳಲು ಇಷ್ಟು ಚೆನ್ನಾಗಿರುವ ವಿವರಣೆಯನ್ನು ಸ್ವಲ್ಪ ಅಳೆದು ನೋಡಬೇಕು. ಡಿ ಜೀವಸತ್ವ ಸಿಎಲ್‌ಎಯನ್ನು ಬರೆಸುವುದಿಲ್ಲ. ಅದಕ್ಕೆ ಐಎಲ್-12ರಂಥ ಬೇರೆ ಸಂಕೇತಗಳು ಬೇಕು. ಚರ್ಮದ ಗುರುತಿನ ಪೂರ್ಣ ಕಥೆ ಕರುಳಿನದಷ್ಟು ಸರಳವಾಗಿಲ್ಲ.

ಎಚ್ಚರಗೊಂಡ ಜಾಗಕ್ಕೂ ಸೇರುವ ಜಾಗಕ್ಕೂ ತಾಳೆ ತಪ್ಪುವುದೂ ಉಂಟು. ಸ್ಟ್ರೆಪ್ಟೋಕಾಕಸ್ ಗಂಟಲುನೋವಿನ ಕೆಲವು ವಾರಗಳ ಬಳಿಕ ಕೆಲವರಿಗೆ, ವಿಶೇಷವಾಗಿ ಹದಿಹರೆಯದವರಿಗೆ, ಮೈತುಂಬ ಹನಿಹನಿಯಾಗಿ ಸೋರಿಯಾಸಿಸ್ ಏಳುತ್ತದೆ. ಗಂಟಲಿನ ಟಾನ್ಸಿಲ್‌ನಲ್ಲೂ ಸಿಎಲ್‌ಎ ಧರಿಸಿದ ಟಿ ಕೋಶಗಳು ಇರುವುದರಿಂದ ಹೀಗಾಗುತ್ತದೆಂಬ ವಿವರಣೆಗೆ ಸಾಕಷ್ಟು ಬೆಂಬಲವಿದೆ.

ಗ್ರಂಥಿಯಲ್ಲಿ ಎಚ್ಚರಗೊಂಡು ಚರ್ಮಕ್ಕೆ ಇಳಿಯುವ ಸರಣಿಗೆ ಕರ್ನಾಟಕದ ಹಳ್ಳಿಗಳಲ್ಲಿ ಪರಿಚಿತ ಉದಾಹರಣೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟಿ ಹೊಸ ಪ್ರತಿಜನಕವಾಗುತ್ತದೆ. ಮೊದಲ ಸಂಪರ್ಕದಲ್ಲಿ ಏನೂ ಕಾಣದು. ಅಷ್ಟರಲ್ಲಿ ಗ್ರಂಥಿಯಲ್ಲಿ ಟಿ ಕೋಶಗಳು ಸಿದ್ಧವಾಗಿರುತ್ತವೆ. ಆಮೇಲೆ ಗಿಡ ಕಿತ್ತರೂ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದರೂ ಒಂದೆರಡು ದಿನದಲ್ಲಿ ಮುಖ, ರೆಪ್ಪೆ, ಕತ್ತು ಕೆಂಪಾಗಿ ತುರಿಸುತ್ತದೆ. ಇಲ್ಲೂ ಮ್ಯಾಂಟೂ ಪರೀಕ್ಷೆಯದೇ ಗಡಿಯಾರ.

ಪ್ರಯಾಣ ಬೇಡವಾದವು, ವಿಳಾಸ ಕೇಳದವು

ಎಲ್ಲ ಕೋಶಗಳೂ ಇಷ್ಟು ಶಿಸ್ತಿನಿಂದ ಬರುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಿಗೆ ಚರ್ಮ, ಶ್ವಾಸಕೋಶ ಎಂಬ ಭೇದವಿಲ್ಲ. ಉರಿಯೂತ ಎಲ್ಲಿದ್ದರೆ ಅಲ್ಲಿಗೆ ಕೆಲವೇ ಗಂಟೆಗಳಲ್ಲಿ ನುಗ್ಗುತ್ತವೆ. ಮೊದಲು ಬಂದವು ಲ್ಯುಕೋಟ್ರಯೀನ್ ಬಿ4 ಸ್ರವಿಸಿ ಹಿಂದಿನವನ್ನು ಕರೆಯುತ್ತವೆ.

ಲಾಂಗರ್‌ಹಾನ್ಸ್ ಕೋಶಗಳ ರೀತಿ ಇದಕ್ಕೆ ಪೂರ್ತಿ ತದ್ವಿರುದ್ಧ. ಅವುಗಳ ಪೂರ್ವಜರು ಭ್ರೂಣಾವಸ್ಥೆಯಲ್ಲೇ ಚರ್ಮಕ್ಕೆ ಬಂದು, ಅಲ್ಲಿಯೇ ವಿಭಜನೆಯಾಗುತ್ತ ಸಂಖ್ಯೆ ಉಳಿಸಿಕೊಳ್ಳುತ್ತವೆ. ಬೇರೊಬ್ಬರ ಕೈಯನ್ನು ಕಸಿ ಮಾಡಿಸಿಕೊಂಡವರಲ್ಲಿ ವರ್ಷಗಳ ನಂತರವೂ ಆ ಕೈಯ ಲಾಂಗರ್‌ಹಾನ್ಸ್ ಕೋಶಗಳು ದಾನಿಯವೇ ಆಗಿದ್ದುದು ಕಂಡುಬಂದಿದೆ. ತೀವ್ರ ಉರಿಯೂತದಲ್ಲಿ ಇವು ನಾಶವಾದಾಗ ಮಾತ್ರ ಅಸ್ಥಿಮಜ್ಜೆಯಿಂದ ಬದಲಿ ಕೋಶಗಳು ಬರುತ್ತವೆ.

ಚರ್ಮದೊಳಗಿನ ಈ ದಟ್ಟ ಕಾವಲು ಲಸಿಕೆಗೂ ಒದಗುತ್ತದೆ. ಹುಚ್ಚುನಾಯಿ ಕಡಿತಕ್ಕೆ ಸ್ನಾಯುವಿಗೆ ಪೂರ್ಣ ಸೀಸೆ ಚುಚ್ಚುವ ಬದಲು ಚರ್ಮದೊಳಗೆ ಜಾಗಕ್ಕೆ 0.1 ಮಿಲಿಲೀಟರಿನಂತೆ ಹಾಕುವ ಕ್ರಮಕ್ಕೆ ಭಾರತದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಅಷ್ಟು ಕಡಿಮೆ ಪ್ರಮಾಣ ಸಾಕಾಗುವುದು ಅಲ್ಲಿನ ಡೆಂಡ್ರೈಟಿಕ್ ಕೋಶಗಳು ಅದನ್ನು ಗ್ರಂಥಿಗೆ ಒಯ್ಯುವುದರಿಂದ.

ಬಂದು ನೆಲೆಸಿದವು

ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅಲ್ಲಿಗೆ ಹೋಗಬೇಕಾದ ಟಿ ಕೋಶ ಒಳಚರ್ಮ ದಾಟಿ, ಎರಡರ ನಡುವಿನ ತಳಪೊರೆಯನ್ನೂ ದಾಟಬೇಕು. ಈ ತಳಪೊರೆಯ ಕಾಲಜನ್ನನ್ನು ಹಿಡಿಯಲು ವಿಎಲ್‌ಎ-1 ಇಂಟೆಗ್ರಿನ್ ಬೇಕಾಗುತ್ತದೆ. ಒಳಸೇರಿದ ಮೇಲೆ ಟಿಜಿಎಫ್-ಬೀಟಾ ಪ್ರಭಾವದಿಂದ ಕೋಶ ಸಿಡಿ103 ಎಂಬ ಹಿಡಿಯನ್ನು ಬೆಳೆಸಿಕೊಂಡು ಕೆರಟಿನೋಸೈಟುಗಳ ಇ-ಕ್ಯಾಡ್ಹೆರಿನ್ನಿಗೆ ಅಂಟುತ್ತದೆ. ದುಗ್ಧನಾಳದತ್ತ ಕರೆದೊಯ್ಯುವ ಸಿಸಿಆರ್7 ಮತ್ತು ಎಸ್1ಪಿ ಗ್ರಾಹಕಗಳನ್ನು ಕಳಚಿಕೊಳ್ಳುತ್ತದೆ. ಹೊರಡುವ ದಾರಿ ಮುಚ್ಚಿದಂತಾಗಿ ಅದು ಅಲ್ಲಿನ ನಿವಾಸಿಯಾಗುತ್ತದೆ. ಹೀಗೆ ನೆಲೆಸಿದ ನೆನಪಿನ ಟಿ ಕೋಶಗಳನ್ನು 2009ರಲ್ಲಿ ಮೆಲ್ಬರ್ನ್ ತಂಡವೊಂದು ಹರ್ಪಿಸ್ ಸೋಂಕಾದ ಇಲಿಗಳಲ್ಲಿ ವಿವರಿಸಿತು.

ಮನುಷ್ಯರಲ್ಲಿ ಇದಕ್ಕೆ ದೊರೆತ ಪುರಾವೆ ಒಂದು ಚಿಕಿತ್ಸೆಯ ಫಲ. ಚರ್ಮಕ್ಕೂ ರಕ್ತಕ್ಕೂ ಹರಡುವ ಟಿ ಕೋಶಗಳ ಕ್ಯಾನ್ಸರಿಗೆ ಅಲೆಮ್‌ಟುಜುಮಾಬ್ ಎಂಬ ಪ್ರತಿಕಾಯ ಔಷಧಿ ಕೊಟ್ಟಾಗ ರಕ್ತದ ಟಿ ಕೋಶಗಳು ಬಹುತೇಕ ನಿರ್ನಾಮವಾದವು. ಆದರೂ ಚರ್ಮದಲ್ಲಿ ಆರೋಗ್ಯವಂತ ಟಿ ಕೋಶಗಳು ಉಳಿದಿದ್ದವು, ರೋಗಿಗಳು ನಿರೀಕ್ಷಿಸಿದಷ್ಟು ಸೋಂಕುಗಳಿಗೆ ತುತ್ತಾಗಲಿಲ್ಲ. ಕ್ಲಾರ್ಕ್ ತಂಡ 2012ರಲ್ಲಿ ಇದನ್ನು ಪ್ರಕಟಿಸಿತು. ಅದಕ್ಕೂ ಮೊದಲು, 2004ರಲ್ಲಿ, ಸೋರಿಯಾಸಿಸ್ ರೋಗಿಗಳ ಕಲೆಯಿಲ್ಲದ ಚರ್ಮವನ್ನು ವಿಶೇಷ ಇಲಿಗಳಿಗೆ ಕಸಿ ಮಾಡಿದಾಗ, ರೋಗಿಯ ರಕ್ತಕೋಶಗಳನ್ನು ಸೇರಿಸದೆಯೇ ಅಲ್ಲಿ ಸೋರಿಯಾಸಿಸ್ ಮೂಡಿತ್ತು. ರೋಗ ತರುವ ಕೋಶಗಳು ನೋಡಲು ಚೆನ್ನಾಗಿದ್ದ ಚರ್ಮದಲ್ಲೇ ಕುಳಿತಿದ್ದವು. ಒಂದೇ ಮಾತ್ರೆ ನುಂಗಿದಾಗಲೆಲ್ಲ ಕೆಲವರಿಗೆ ಮೈಯ ಅದೇ ಜಾಗದಲ್ಲಿ ಕಪ್ಪು ಕಲೆ ಏಳುವುದಕ್ಕೂ ಹೀಗೆ ನೆಲೆಸಿದ ಸಿಡಿ8 ಟಿ ಕೋಶಗಳೇ ಕಾರಣ.

‘ಶಾಶ್ವತ ನಿವಾಸಿ’ ಎಂಬ ಮಾತನ್ನು ಅತಿಯಾಗಿ ಹಿಗ್ಗಿಸುವುದೂ ಸರಿಯಲ್ಲ. ಸಿಡಿ103 ಕಳೆದುಕೊಂಡ ಕೆಲವು ಕೋಶಗಳು ಚರ್ಮ ಬಿಟ್ಟು ರಕ್ತಕ್ಕೆ ಮರಳುತ್ತವೆಂದು ಮನುಷ್ಯ ಚರ್ಮವನ್ನು ಕಸಿ ಮಾಡಿದ ಇಲಿಗಳ ಅಧ್ಯಯನ 2019ರಲ್ಲಿ ತೋರಿಸಿದೆ. ಇಲಿಯಿಂದ ಮನುಷ್ಯನಿಗೆ ಬರುವಾಗಲೂ ಎಚ್ಚರ ಬೇಕು. ಇಲಿಯ ಹೊರಚರ್ಮದಲ್ಲಿ ಭ್ರೂಣಕಾಲದಲ್ಲೇ ನೆಲೆಸುವ ಗಾಮಾ-ಡೆಲ್ಟಾ ಟಿ ಕೋಶಗಳ ಒಂದು ಜಾಲವಿದೆ, ಮನುಷ್ಯನಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಚಿಕಿತ್ಸೆಯಲ್ಲಿ ಬಳಕೆ

ದಾರಿಯನ್ನೇ ಕಟ್ಟಿಹಾಕುವ ಮೊದಲ ದೊಡ್ಡ ಪ್ರಯತ್ನ ಎಫಲಿಜುಮಾಬ್. ಎಲ್‌ಎಫ್‌ಎ-1ನ್ನು ತಡೆಯುವ ಈ ಔಷಧಿಗೆ 2003ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗಾಗಿ ಒಪ್ಪಿಗೆ ದೊರೆಯಿತು. ಆದರೆ ಎಲ್‌ಎಫ್‌ಎ-1 ಚರ್ಮಕ್ಕಷ್ಟೇ ಸೇರಿದ್ದಲ್ಲ. ಕೆಲವು ರೋಗಿಗಳ ಮೆದುಳಿನಲ್ಲಿ ಜೆಸಿ ವೈರಸ್ ಕೆರಳಿ ಪ್ರಾಣಾಂತಿಕ ರೋಗ ಕಾಣಿಸಿಕೊಂಡದ್ದರಿಂದ 2009ರಲ್ಲಿ ಅದನ್ನು ಹಿಂತೆಗೆದುಕೊಂಡರು. ಸಿಸಿಆರ್4ಕ್ಕೆ ಅಂಟಿ ಕೋಶವನ್ನೇ ಕೊಲ್ಲಿಸುವ ಮೊಗಮುಲಿಜುಮಾಬ್ ಇದಕ್ಕಿಂತ ಯಶಸ್ವಿ. ಮೈಕೋಸಿಸ್ ಫಂಗಾಯ್ಡಿಸ್ ಮತ್ತು ಸೆಜರಿ ಎಂಬ ಚರ್ಮದ ಟಿ ಕೋಶ ಕ್ಯಾನ್ಸರುಗಳಿಗೆ 2018ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಜಪಾನಿನಲ್ಲಿ ಅಟೋಪಿಕ್ ಇಸುಬಿನ ತೀವ್ರತೆ ಅಳೆಯಲು ರಕ್ತದ ಸಿಸಿಎಲ್17 ಮಟ್ಟವನ್ನು ವೈದ್ಯರು ನೋಡುತ್ತಾರೆ.

ತೊನ್ನಿನಲ್ಲಿ ಕೆರಟಿನೋಸೈಟುಗಳು ಹೊರಬಿಡುವ ಸಿಎಕ್ಸ್‌ಸಿಎಲ್9 ಮತ್ತು ಸಿಎಕ್ಸ್‌ಸಿಎಲ್10 ಕೀಮೋಕೈನ್‌ಗಳು ಸಿಡಿ8 ಟಿ ಕೋಶಗಳನ್ನು ಬಣ್ಣದ ಕೋಶಗಳ ಹತ್ತಿರಕ್ಕೆ ಎಳೆಯುತ್ತವೆ. ಇಂಟರ್‌ಫೆರಾನ್-ಗಾಮಾದ ಸಂಕೇತವನ್ನು ತಡೆದು ಈ ಕರೆಯನ್ನು ಅಡಗಿಸುವ ರುಕ್ಸೋಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ದೊರೆತು, ಹಲವರಲ್ಲಿ ಬಣ್ಣ ಮರಳಿದೆ. ಚಿಕಿತ್ಸೆ ನಿಲ್ಲಿಸಿದರೆ ಅನೇಕರಿಗೆ ಬಿಳುಪು ಮೊದಲಿದ್ದ ಜಾಗದಲ್ಲೇ ಮತ್ತೆ ಕಾಣಿಸಿಕೊಳ್ಳುತ್ತದೆ. ಸೋರಿಯಾಸಿಸ್‌ನಲ್ಲಿ ಐಎಲ್-17 ಮತ್ತು ಐಎಲ್-23 ತಡೆಯುವ ಚುಚ್ಚುಮದ್ದುಗಳ ಅನುಭವವೂ ಹೆಚ್ಚುಕಡಿಮೆ ಇದೇ. ಹೊಸದಾಗಿ ಬರುವ ಕೋಶಗಳನ್ನು ತಡೆಯುವುದೂ ಬಂದವುಗಳ ಬಾಯಿ ಮುಚ್ಚಿಸುವುದೂ ಇಂದು ಸಾಧ್ಯವಾಗಿದೆ. ಚರ್ಮದಲ್ಲಿ ನೆಲೆಸಿದ ರೋಗಕಾರಕ ಟಿ ಕೋಶಗಳನ್ನಷ್ಟೇ ಆರಿಸಿ ತೆಗೆದುಹಾಕುವ, ಬಳಕೆಗೆ ಒಪ್ಪಿಗೆ ಪಡೆದ ಔಷಧಿ ಸೋರಿಯಾಸಿಸ್‌ಗಾಗಲಿ ತೊನ್ನಿಗಾಗಲಿ ಇನ್ನೂ ಬಂದಿಲ್ಲ.